ಹಿನ್ನೆಲೆಯಲ್ಲಿ ನಡೆಯುವ ಕೆಲಸ

ಕುಚ್ಚಿಲಕ್ಕಿಯನ್ನು ಒಲೆಯ ಮೇಲಿಟ್ಟವರು ಅದು ಬೇಯುವ ತನಕ ಒಲೆಯೆದುರೇ ಕುಳಿತಿರುವುದಿಲ್ಲ. ಅಷ್ಟರಲ್ಲಿ ತೆಂಗಿನಕಾಯಿ ತುರಿದು ಅರೆದಾಗಿರುತ್ತದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸ್ ವ್ಯವಸ್ಥೆಗೂ ಈ ಜಾಣ್ಮೆ ಉಂಟು. ಕೇರಳದ ಶಾಲೆಗಳಲ್ಲಿ ಬಳಸುವ ಲಿನಕ್ಸ್ ಅದೇ ಜಾಡಿನದಾದ್ದರಿಂದ ಕಾಸರಗೋಡಿನ ನಮ್ಮ ಮಕ್ಕಳಿಗೆ ಇದು ದೂರದ ಮಾತಲ್ಲ.

ಕಳೆದ ರಜೆಯಲ್ಲಿ ಶಾಲೆಯ ಹಳೆಯ ವಾರ್ಷಿಕ ಸಂಚಿಕೆಗಳನ್ನು ಗೆದ್ದಲಿನಿಂದ ಉಳಿಸಲು ಸ್ಕ್ಯಾನ್ ಮಾಡಿದೆವು. ಆ ಚಿತ್ರಗಳನ್ನು ಕುಗ್ಗಿಸುವ ಆದೇಶ ಗಂಟೆಗಟ್ಟಲೆ ನಡೆಯುವಂಥದು. ಅದು ಮುಗಿಯದೆ ಟರ್ಮಿನಲ್ ಬೇರೊಂದು ಆದೇಶವನ್ನು ಕೇಳದು. ಮಕ್ಕಳೋ ಲೇಖನಗಳ ಪಟ್ಟಿ ಮಾಡಲು ಕಾದಿದ್ದರು. ಆದೇಶದ ಕೊನೆಗೆ ಆಂಪರ್ಸಾಂಡ್ ಚಿಹ್ನೆಯನ್ನು ಸೇರಿಸಿದೆವು. ಶೆಲ್ ಆ ಕೆಲಸಕ್ಕೊಂದು ಸಂಖ್ಯೆ ಕೊಟ್ಟು ಹಿನ್ನೆಲೆಗೆ ಸರಿಸಿತು. ತಾನು ಕೂಡಲೇ ಬಿಡುವಾಯಿತು. 'ಜಾಬ್ಸ್' ಎಂದರೆ ನಡೆಯುತ್ತಿರುವ ಕೆಲಸಗಳ ಲೆಕ್ಕ ಒಪ್ಪಿಸುತ್ತದೆ, 'ಎಫ್‌ಜಿ' ಎಂದರೆ ಕೆಲಸವನ್ನು ಮುಂದಕ್ಕೆ ತರುತ್ತದೆ. ಚಿಹ್ನೆಯಿಲ್ಲದೆ ಆರಂಭಿಸಿದ್ದನ್ನೂ ಕಂಟ್ರೋಲ್-ಝಡ್ ಒತ್ತಿ ತಡೆದು, 'ಬಿಜಿ' ಎಂದು ಹಿಂದಕ್ಕೆ ಕಳಿಸಬಹುದು.

ಸಂಜೆಯಾಯಿತು. ಟರ್ಮಿನಲ್ ಮುಚ್ಚಿದರೆ 'ಹ್ಯಾಂಗಪ್' ಸಂಕೇತ ಬಂದು ಕೆಲಸ ಅರ್ಧಕ್ಕೆ ನಿಂತೀತು. (ಟೆಲಿಫೋನ್ ತಂತಿಯ ಮೂಲಕ ಗಣಕಕ್ಕೆ ಜೋಡಿಸಿಕೊಳ್ಳುತ್ತಿದ್ದ ಕಾಲದ ಹೆಸರದು.) ಅದಕ್ಕೇ ಎರಡನೆಯ ಕಂತನ್ನು ಆದೇಶದ ಮೊದಲಿಗೆ 'ನೋಹಪ್' ಸೇರಿಸಿ ಬಿಟ್ಟೆವು. ಕರೆಂಟು ಹೋದರೆ ಅದೂ ಕಾಯದು, ಪುಣ್ಯಕ್ಕೆ ಹೋಗಲಿಲ್ಲ. ಬೆಳಿಗ್ಗೆ 'ನೋಹಪ್.ಔಟ್' ಕಡತ ತೆರೆದಾಗ, ಎರಡು ಪುಟಗಳ ಚಿತ್ರ ಕೆಟ್ಟಿದೆಯೆಂದು ಅದರಲ್ಲಿ ಬರೆದಿತ್ತು. ಹತ್ತನೆಯ ತರಗತಿಯ ಇಬ್ಬರು ಆ ಸಂಚಿಕೆಯನ್ನು ಕಪಾಟಿನಿಂದ ಮತ್ತೆ ಹೊರತೆಗೆದರು.