ಮಲ್ಲೇಶ್ವರಂನಲ್ಲಿ ಎಷ್ಟು ಅಕ್ಷರ?

ಪೈಥಾನ್ ಬಿಟ್ಟು ಗೋ ಕಲಿಯೋಕೆ ಕೂತಿದ್ದೇನೆ. ಲೂಪು, ಫಂಕ್ಷನ್ನು ಎರಡೇ ದಿನಕ್ಕೆ ಕೈಗೆ ಹತ್ತಿದವು. ಸಿಕ್ಕಿಹಾಕಿಕೊಂಡಿದ್ದು ಸ್ಟ್ರಿಂಗ್‌ನಲ್ಲಿ. ಎಲ್ಲರೂ ‘ಹಲೋ’ ಹಾಕಿ ನೋಡುವ ಜಾಗದಲ್ಲಿ ನಾನು ‘ಮಲ್ಲೇಶ್ವರಂ’ ಹಾಕಿ ಉದ್ದ ಕೇಳಿದೆ. ಪೈಥಾನ್ 10 ಅಂದಿತ್ತು, ಗೋ 30 ಅಂತು. ಕಾಫಿ ತಂದ ಅಮ್ಮ ಬೆರಳು ಮಡಿಸಿದಳು: “ಮ, ಲ್ಲೇ, ಶ್ವ, ರಂ. ನಾಲ್ಕು ಕಣೋ, ಇದಕ್ಕೂ ಕಂಪ್ಯೂಟರ್ ಬೇಕಾ?”

ಮೂವರದೂ ಸರಿಯೇ. ಗೋ ಎಣಿಸೋದು ಬೈಟುಗಳನ್ನ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ಪೈಥಾನ್ ಎಣಿಸೋದು ಯೂನಿಕೋಡ್ ಸಂಕೇತಗಳನ್ನ. ಅದರ ಕಣ್ಣಿಗೆ ‘ಲ್ಲೇ’ ಅಂದರೆ ಲ, ಅದರ ಹಲಂತ, ಇನ್ನೊಂದು ಲ, ಆಮೇಲೆ ಏ-ಕಾರದ ಗುರುತು. ಒಟ್ಟು ನಾಲ್ಕು. ಅಮ್ಮನದು ಅಕ್ಷರಗಳ ಲೆಕ್ಕ, ನಾಗವರ್ಮನ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ಯ ಕಾಲದ್ದು. (ಅವಳಿಗೆ ಹೇಳಿಲ್ಲ, ಹೇಳಿದರೆ ಹಿಡಿಯೋಕಾಗಲ್ಲ.)

ಮೊದಲ ಮೂರನ್ನು ಕತ್ತರಿಸಿಕೊಡು ಅಂದರೆ ಪೈಥಾನ್ ‘ಮಲ್’ ಅನ್ನುತ್ತೆ. ಗೋದಲ್ಲಿ ಮೊದಲ ನಾಲ್ಕು ಬೈಟು ಕೇಳಿದೆ: ‘ಮ’, ಪಕ್ಕದಲ್ಲೊಂದು ಮುರಿದ ಚೂರು.

ಮೂರರಿಂದ ಭಾಗಿಸಿ ಅಮ್ಮನ ಲೆಕ್ಕಕ್ಕೂ ಏನೋ ಸೂತ್ರ ಹೊಸೆಯೋಣ ಅಂತ ‘ಚಾಮರಾಜಪೇಟೆ’ ಹಾಕಿದೆ. ಅದಕ್ಕೂ 10, 30. ಅಮ್ಮನ ಬೆರಳಲ್ಲಿ ಮಾತ್ರ ಆರು.