ಬೀರು ಬಾಗಿಲಿನ ಒಳಗಿದ್ದ ಬೈಕು

ಪ್ರಿಯ ಓದುಗ ಮಿತ್ರರೇ,

ಹೋದ ಕಾಗದದಲ್ಲಿ ನೀವೊಂದು ಮಾತು ಕೇಳಿದ್ದಿರಿ. ಮನೆ ಖಾಲಿ ಮಾಡುವಾಗ ಪಾತ್ರೆ, ಮಂಚ, ಪುಸ್ತಕ ಎಲ್ಲವನ್ನೂ ಕೊಟ್ಟುಬಿಟ್ಟೆ, ಆದರೆ ಹಳೇ ಜಾಹೀರಾತಿನ ನಾಲ್ಕು ಹಾಳೆಗಳನ್ನು ರದ್ದಿಗೆ ಹಾಕಲು ಕೈ ಬರಲಿಲ್ಲ, ಯಾಕಿರಬಹುದು ಎಂದು. ಅವತ್ತೇ ಉತ್ತರ ಬರೆಯೋಣ ಎಂದುಕೊಂಡೆ, ಆಗಲಿಲ್ಲ. ನನ್ನ ಹತ್ತಿರವೂ ಅಂಥದ್ದೊಂದು ಹಾಳೆ ಇದೆ. ಅದನ್ನು ಹುಡುಕಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟುಕೊಂಡ ಮೇಲೆಯೇ ಬರೆಯಲು ಧೈರ್ಯ ಬಂತು.

ಅಮೆರಿಕದ ಯಾವುದೋ ಬೈಕ್ ಪತ್ರಿಕೆಯಿಂದ ಹರಿದುಕೊಂಡ ಬಣ್ಣದ ಪುಟ ಅದು. ನಡುವೆ ಒಂದು ಮಡಿಕೆ. ನಾಲ್ಕು ಮೂಲೆಗಳಲ್ಲೂ ಡ್ರಾಯಿಂಗ್ ಪಿನ್ನಿನ ದುಂಡನೆಯ ತುಕ್ಕಿನ ಕಲೆ. ಚಿತ್ರದಲ್ಲಿರುವುದು ಹೋಂಡಾ ಎಲ್ಸಿನೋರ್. ಬೆಳ್ಳಿ ಬಣ್ಣದ ಟ್ಯಾಂಕು, ಅದಕ್ಕೊಂದು ಹಸಿರು ಪಟ್ಟೆ. ಹೆಡ್‌ಲೈಟ್ ಇಲ್ಲ, ಹಾರ್ನ್ ಇಲ್ಲ, ನಂಬರ್ ಪ್ಲೇಟ್ ಇಲ್ಲ. ಚಕ್ರಕ್ಕಿಂತ ಎಷ್ಟೋ ಮೇಲಕ್ಕೆ ನಿಂತ ಮಡ್‌ಗಾರ್ಡು, ಮೊಳೆಗಳಂತೆ ಎದ್ದ ಗಂಟುಗಳ ಟೈರು. ರಸ್ತೆಗೆಂದು ಮಾಡಿದ ಗಾಡಿಯೇ ಅಲ್ಲ, ಮಣ್ಣಿಗೆಂದೇ ಹುಟ್ಟಿದ್ದು.

ಈ ಪುಟ ಇದ್ದದ್ದು ಮೈಸೂರಿನಲ್ಲಿ, ನನ್ನ ಸೋದರಮಾವನ ಕೋಣೆಯ ಗೋಡೆ ಬೀರುವಿನ ಬಾಗಿಲಿನ ಒಳಮೈಯಲ್ಲಿ. ಹೊರಗಿನ ಗೋಡೆಗೆ ದೇವರ ಕ್ಯಾಲೆಂಡರು, ಒಳಗೆ ಬೈಕು. ಮಾವ ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದ ಫ್ಯಾಕ್ಟರಿ ಅದು ಎಂದು ಹೇಳುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಬೆಳಿಗ್ಗೆ ಅಂಗಿ ತೆಗೆದುಕೊಳ್ಳಲು ಬೀರು ತೆರೆದಾಗ ಒಂದು ಗಳಿಗೆ ಆ ಚಿತ್ರವನ್ನು ನೋಡಿಯೇ ಬಾಗಿಲು ಮುಚ್ಚುವರು. ಒಂದು ದಿನ ಕೇಳಿದೆ, "ಮಾವ, ಈ ಗಾಡಿ ತಗೋತೀರಾ?" ಮಾವ ನಕ್ಕರು. "ಇದು ಇಲ್ಲೆಲ್ಲಿ ಸಿಗತ್ತೆ ಪುಟ್ಟಾ? ಸಿಕ್ಕರೂ ದುಡ್ಡೆಲ್ಲಿದೆ? ನೋಡೋಕೆ ಯಾರೂ ದುಡ್ಡು ಕೇಳಲ್ವಲ್ಲ."

ಆ ಮಾತಿನಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ ಎಂದು ನನಗೆ ಈಗ ಅನಿಸುತ್ತದೆ. ಅಲ್ಲಿಗೆ ಬರುವ ಮುಂಚೆ ಈ ಪುಟ ಹುಟ್ಟಿದ ಊರಿಗೆ ನಿಮ್ಮನ್ನು ಒಂದು ಸುತ್ತು ಕರೆದುಕೊಂಡು ಹೋಗಬೇಕು.

1959ರಲ್ಲಿ ಹೋಂಡಾ ಕಂಪನಿ ಲಾಸ್ ಏಂಜಲೀಸ್‌ನಲ್ಲಿ ಒಂದು ಸಣ್ಣ ಮಳಿಗೆ ತೆರೆಯಿತು. ಆಗ ಅಮೆರಿಕದ ಮಧ್ಯಮ ವರ್ಗದ ಮನೆಗಳಲ್ಲಿ ಮೋಟಾರ್ ಸೈಕಲ್ ಎಂದರೆ ಮುಖ ಸಿಂಡರಿಸುವ ಕಾಲ. ಚರ್ಮದ ಜಾಕೆಟ್ಟು, ಗುಂಪು, ಗಲಾಟೆ ಇವೇ ಕಣ್ಣಿಗೆ ಬರುತ್ತಿದ್ದವು. 1963ರಲ್ಲಿ ಹೋಂಡಾ ಒಂದು ಜಾಹೀರಾತು ಸರಣಿ ಶುರು ಮಾಡಿತು. ಹೋಂಡಾ ಮೇಲೆ ಕೂತವರಲ್ಲಿ ನಿಮಗೆ ಸಿಗುವುದು ತುಂಬ ಒಳ್ಳೆಯ ಜನ ಎಂಬುದು ಅದರ ಸಾರ. ಬಣ್ಣಬಣ್ಣದ ಚಿತ್ರದಲ್ಲಿ ಪುಟ್ಟ 50 ಸಿಸಿ ಗಾಡಿಗಳ ಮೇಲೆ ಜೋಡಿಗಳು, ಮಗುವನ್ನು ಹಿಂದೆ ಕೂರಿಸಿಕೊಂಡ ತಾಯಿ, ಹೀಗೆ ನಮ್ಮ ನಿಮ್ಮಂಥವರೇ. ಇದರ ಮೂಲ ಕಲ್ಪನೆ ಹೊಳೆದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಒಬ್ಬ ವಿದ್ಯಾರ್ಥಿಗೆ, ತರಗತಿಯ ಅಭ್ಯಾಸ ಮಾಡುವಾಗ. ಎಂಜಿನ್ನಿನ ಬಗ್ಗೆ ಹೆಚ್ಚು ಮಾತಾಡದೆ, ಮೇಲೆ ಕೂತವರನ್ನು ತೋರಿಸಿದ ಜಾಹೀರಾತು ಅದು. ನೋಡಿದವರು 'ಇದರಲ್ಲಿ ನಾನೂ ಇರಬಹುದಲ್ಲ' ಎಂದುಕೊಂಡರು. ಬಾಗಿಲು ತೆರೆದದ್ದೇ ಅಲ್ಲಿ.

ಆದರೆ ಮಣ್ಣಿನ ಕಡೆಗೆ ಆ ಗಾಡಿಯನ್ನು ತಿರುಗಿಸಿದ್ದು ಜಾಹೀರಾತಿನವರಲ್ಲ. ಆ ಸರಣಿಗೂ ಮುಂಚೆಯೇ ಐಡಾಹೋ ರಾಜ್ಯದ ಬಾಯ್ಸಿ ಊರಿನಲ್ಲಿ ಹರ್ಬ್ ಊಲ್ ಎಂಬ ಡೀಲರ್ ಇದ್ದರು. ಅವರು ಅದೇ ಪುಟ್ಟ ಹೋಂಡಾದ ಹಿಂದಿನ ಚಕ್ರಕ್ಕೆ ದೊಡ್ಡ ಸ್ಪ್ರಾಕೆಟ್ ಹಾಕಿದರು, ಒರಟು ಟೈರು ತೊಡಿಸಿದರು. ನೀವು ಗೇರ್ ಸೈಕಲ್ ತುಳಿದಿದ್ದರೆ ಇದು ಗೊತ್ತೇ ಇರುತ್ತದೆ. ಹಿಂದಿನ ಹಲ್ಲುಚಕ್ರ ದೊಡ್ಡದಾದಷ್ಟೂ ವೇಗ ಕಡಿಮೆ, ಏರು ಹತ್ತುವ ತಾಕತ್ತು ಜಾಸ್ತಿ. ಬೇಟೆಗೆ, ಮೀನು ಹಿಡಿಯಲು ಬೆಟ್ಟ ಹತ್ತುವವರು ಅದನ್ನು ಕೊಳ್ಳತೊಡಗಿದರು. ಹೋಂಡಾ ಇದನ್ನು ಗಮನಿಸಿ 1961ರಲ್ಲಿ ತಾನೇ ಟ್ರೇಲ್ 50 ಎಂಬ ಗಾಡಿ ಮಾಡಿತು. ಒಬ್ಬ ಅಂಗಡಿಯವನ ಸ್ಪ್ಯಾನರಿನಿಂದ ಹುಟ್ಟಿದ ಗಾಡಿ ಇದು ಎಂದರೆ ತಪ್ಪಿಲ್ಲ.

ಅಲ್ಲಿಂದ ಮುಂದೆ ಎಲ್ಲವೂ ಬೇಗ ಬೇಗ ನಡೆಯಿತು. 1966ರಲ್ಲಿ ಎಡಿಸನ್ ಡೈ ಎಂಬುವರು ಸ್ವೀಡನ್ನಿನ ಮೋಟೋಕ್ರಾಸ್ (ಮಣ್ಣಿನ ಅಂಕಣದ ಬೈಕ್ ರೇಸ್) ಚಾಂಪಿಯನ್ ಟಾರ್ಸ್ಟನ್ ಹಾಲ್‌ಮನ್‌ರನ್ನು ಅಮೆರಿಕಕ್ಕೆ ಕರೆತಂದು, ಹುಸ್ಕ್‌ವರ್ನಾ ಬೈಕಿನ ಮೇಲೆ ಓಡಿಸಿ ತೋರಿಸಿದರು. ಭಾರದ ಗಾಡಿಗಳಿಗೆ ಒಗ್ಗಿಕೊಂಡಿದ್ದ ಅಲ್ಲಿನ ಜನ, ಹಗುರವಾದ ಟೂ ಸ್ಟ್ರೋಕ್ ಬೈಕು ದಿಣ್ಣೆಯಿಂದ ದಿಣ್ಣೆಗೆ ಹಾರುವುದನ್ನು ಬಾಯಿಬಿಟ್ಟುಕೊಂಡು ನೋಡಿದರು. 1968ಕ್ಕೆ ಯಮಾಹಾ ಡಿಟಿ-1 ಬಂತು. 250 ಸಿಸಿಯ ಈ ಗಾಡಿಗೆ ಲೈಟೂ ಇತ್ತು, ಒರಟು ಟೈರೂ ಇತ್ತು. ಮನೆಯಿಂದಲೇ ಓಡಿಸಿಕೊಂಡು ಹೋಗಿ, ಗುಡ್ಡದಲ್ಲಿ ಅಲೆದು, ಸಂಜೆ ಅದರಲ್ಲೇ ವಾಪಸು ಬರಬಹುದಿತ್ತು.

ಒರೆಗಾನ್‌ನ ಅಥೀನಾ ಎಂಬ ಪುಟ್ಟ ಊರಿನ ಕತೆ ನಿಮಗೆ ಖಂಡಿತ ಇಷ್ಟವಾಗುತ್ತದೆ. ಸುತ್ತ ಗೋಧಿ ಹೊಲ, ಸಾವಿರದ ಆಸುಪಾಸು ಜನ. ಅಲ್ಲಿನ ಒಂದು ವ್ಯಾಪಾರ ಸಂಸ್ಥೆ ಜಪಾನಿನ ಯಾಮಾಗುಚಿ ಬೈಕುಗಳನ್ನು ತರಿಸಿ ಮಾರುತ್ತಿತ್ತು. 1963ರಲ್ಲಿ ಯಾಮಾಗುಚಿ ಕಂಪನಿ ಮುಳುಗಿತು. ಅಥೀನಾದವರು ಕೈಕಟ್ಟಿ ಕೂರಲಿಲ್ಲ. ಯಾಮಾಗುಚಿಗೆ ಎಂಜಿನ್ ಮಾಡಿಕೊಡುತ್ತಿದ್ದ ಹೊಡಾಕಾ ಕಂಪನಿಯನ್ನೇ ಹಿಡಿದು, ತಮಗೆ ಬೇಕಾದ ಗಾಡಿಯ ರೂಪ ತಾವೇ ಗೀಚಿಕೊಟ್ಟು, ಏಸ್ 90 ಎಂಬ ಬೈಕು ಮಾಡಿಸಿದರು. ಮುಂದೆ ಅವರು ಇಟ್ಟ ಹೆಸರುಗಳನ್ನು ಕೇಳಿ: ಸೂಪರ್ ರ‍್ಯಾಟ್, ಕಾಂಬ್ಯಾಟ್ ವಾಂಬ್ಯಾಟ್, ಡರ್ಟ್ ಸ್ಕ್ವರ್ಟ್, ರೋಡ್ ಟೋಡ್. ಇಲಿ, ಕಪ್ಪೆ! ಉಳಿದವರು ಗೂಳಿ, ಚಿರತೆ ಎಂದು ಗಾಡಿಗೆ ಹೆಸರು ಹುಡುಕುವ ಹೊತ್ತಿನಲ್ಲಿ ಇವರು ಬಿಲದಲ್ಲಿ, ಕೆಸರಿನಲ್ಲಿ ಬದುಕುವ ಪ್ರಾಣಿಗಳನ್ನು ಕರೆದು ತಂದು ಕೂರಿಸಿದರು. ಜಾಹೀರಾತೂ ಹಾಗೆಯೇ, ವ್ಯಂಗ್ಯಚಿತ್ರಗಳ ಮೋಜು. ನಗುವ ಮಕ್ಕಳಿಗೆ ಅದು ನೇರ ತಾಗಿತು. 1978ರಲ್ಲಿ ಹೊಡಾಕಾ ನಿಂತುಹೋಯಿತು. ಆದರೂ ಹಳೆಯ ಗಾಡಿಗಳನ್ನು ಒರೆಸಿ ತೊಳೆದುಕೊಂಡು ಜನ ಬೇಸಿಗೆಯಲ್ಲಿ ಅಥೀನಾಕ್ಕೆ ಬಂದು ಹೊಡಾಕಾ ಡೇಸ್ ಎಂಬ ಹಬ್ಬ ಮಾಡಿದ್ದಾರೆ. ನಮ್ಮಲ್ಲಿ ಊರ ಜಾತ್ರೆಗೆ ಎಲ್ಲೆಲ್ಲಿಂದಲೋ ಬಂದು ಸೇರುತ್ತಾರಲ್ಲ, ಹಾಗೆ.

ಇನ್ನು ನನ್ನ ಮೇಜಿನ ಮೇಲಿರುವ ಎಲ್ಸಿನೋರ್. 1971ರಲ್ಲಿ ಬ್ರೂಸ್ ಬ್ರೌನ್ 'ಆನ್ ಎನಿ ಸಂಡೇ' ಎಂಬ ಸಾಕ್ಷ್ಯಚಿತ್ರ ತೆಗೆದರು. ಅದರಲ್ಲಿ ಹಾಲಿವುಡ್ ನಟ ಸ್ಟೀವ್ ಮೆಕ್‌ಕ್ವೀನ್ ಇದ್ದರು, ನಟನಾಗಿ ಅಲ್ಲ, ಮಣ್ಣು ಮೆತ್ತಿಕೊಂಡ ಸವಾರನಾಗಿ. ಕ್ಯಾಲಿಫೋರ್ನಿಯಾದ ಲೇಕ್ ಎಲ್ಸಿನೋರ್ ಊರಿನ ರೇಸಿಗೆ ಅವರು ಹಾರ್ವಿ ಮಶ್‌ಮನ್ ಎಂಬ ಬೇರೆ ಹೆಸರು ಕೊಟ್ಟು ಇಳಿಯುತ್ತಿದ್ದರು. ಸಾವಿರ ಸವಾರರ ನಡುವೆ ತಾನೂ ಒಬ್ಬನಾಗಬೇಕೆಂಬ ಆಸೆ. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಹೆಸರಾಗಿದ್ದ ಹೋಂಡಾ 1973ರಲ್ಲಿ ತನ್ನ ಮೊದಲ ಟೂ ಸ್ಟ್ರೋಕ್ ಮೋಟೋಕ್ರಾಸ್ ಬೈಕನ್ನು ಮಾರಾಟಕ್ಕೆ ತಂದಾಗ ಅದೇ ಊರಿನ ಹೆಸರನ್ನು ಅದಕ್ಕೆ ಇಟ್ಟಿತು. ಜಾಹೀರಾತಿಗೆ ಮೆಕ್‌ಕ್ವೀನರೇ ಬಂದರು. ಅದೇ ವರ್ಷ ಗ್ಯಾರಿ ಜೋನ್ಸ್ ಈ ಬೈಕಿನ ಮೇಲೆ ಅಮೆರಿಕದ 250 ಸಿಸಿ ರಾಷ್ಟ್ರೀಯ ಚಾಂಪಿಯನ್ ಆದರು.

ಮಾವನಿಗೆ ಈ ಇತಿಹಾಸವೆಲ್ಲ ಗೊತ್ತಿರಲಿಲ್ಲ. ಅವರಿಗೆ ಹಿಡಿಸಿದ್ದು ಎಂಜಿನ್. "ನೋಡು, ಇದೂ ನಮ್ಮ ಜಾವಾ ಥರಾನೇ, ಟೂ ಸ್ಟ್ರೋಕು" ಅನ್ನುವರು. ಜಾವಾದ ಬಂಧು ಸಿಜ಼ೆಡ್ ಬೈಕಿನ ಮೇಲೆ ಬೆಲ್ಜಿಯಮ್ಮಿನ ಜೋಯೆಲ್ ರೊಬೇರ್ 1964, 1968, 1969ರಲ್ಲಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದದ್ದು ಮಾತ್ರ ಅವರಿಗೆ ಬಾಯಿಪಾಠ. ಯಾದವಗಿರಿಯಲ್ಲಿ ತಾವು ಬಿಗಿಯುವ ಬೋಲ್ಟಿಗೂ ಯುರೋಪಿನ ಆ ಕೆಸರಿಗೂ ನೆಂಟಸ್ತಿಕೆ ಇದೆ ಎಂಬುದು ಅವರ ಹೆಮ್ಮೆ. ಸುಳ್ಳು ಹೆಮ್ಮೆಯೇನೂ ಅಲ್ಲ ಅದು.

ಟೂ ಸ್ಟ್ರೋಕ್ ಎಂದಾಗ ವಾಸನೆಯ ಮಾತು ಬರಲೇಬೇಕು. ಆ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುತ್ತದೆ. ಆ ಕಾಲದ ರೇಸಿನವರು ಹಾಕುತ್ತಿದ್ದದ್ದು ಎಷ್ಟೋ ಸಲ ಹರಳೆಣ್ಣೆಯಿಂದ ಮಾಡಿದ ಎಣ್ಣೆ, ಯಾಕೆಂದರೆ ಎಷ್ಟು ಕಾದರೂ ಅದು ಲೋಹವನ್ನು ಬಿಡದೆ ಅಂಟಿಕೊಂಡಿರುತ್ತದೆ. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ಅಮೆರಿಕದ ಹಳೆಯ ಸವಾರರು ಆ ಹೊಗೆಯ ಸಿಹಿ ಕಮಟನ್ನು ಇಂದಿಗೂ ನೆನೆಯುತ್ತಾರೆ. ನನಗದು ಅರ್ಥವಾಗುತ್ತದೆ. ಅಜ್ಜಿ ನಡುನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆ ನೆನಪಾದರೆ ನನಗೆ ಹಂಡೆಯ ಒಲೆ, ಸೀಗೆಪುಡಿ, ಅಜ್ಜಿಯ ಬಳೆಯ ಸದ್ದು ಎಲ್ಲ ಒಟ್ಟಿಗೇ ಬರುತ್ತವೆ. ಒಂದೇ ಎಣ್ಣೆ, ಎರಡು ನಾಡಿನ ಬಾಲ್ಯ.

ಒಂದು ಮಾತು ಮುಚ್ಚಿಡಬಾರದು. ಆ ಪುಟಗಳಲ್ಲಿ ಕಾಣುವ ಬಯಲು ತೆರೆದೇ ಉಳಿಯಲಿಲ್ಲ. ಕ್ಯಾಲಿಫೋರ್ನಿಯಾದ ಬಾರ್‌ಸ್ಟೋದಿಂದ ಲಾಸ್ ವೇಗಸ್‌ಗೆ ಮರುಭೂಮಿಯಲ್ಲಿ ನಡೆಯುತ್ತಿದ್ದ ರೇಸಿನಲ್ಲಿ 1974ರಲ್ಲಿ ಸುಮಾರು 3,000 ಬೈಕುಗಳು ಓಡಿದವು. ನೆಲಕ್ಕೂ ಗಿಡಗಂಟಿಗೂ ಆಗುವ ಪೆಟ್ಟು ನೋಡಿ ಸರ್ಕಾರ ಮುಂದೆ ಹಲವು ವರ್ಷ ಅನುಮತಿ ಕೊಡಲಿಲ್ಲ. ಮರುಭೂಮಿಯ ಮೇಲ್ಪದರ ಒಮ್ಮೆ ಒಡೆದರೆ ಕೂಡಿಕೊಳ್ಳಲು ಎಷ್ಟೋ ದಶಕ ಬೇಕು. ಆ ನಿರ್ಧಾರ ಸರಿಯೇ ಎಂದು ನಾನೂ ಒಪ್ಪುತ್ತೇನೆ. ಅದೇ ರಾಜ್ಯದ ಕಾರ್ಲ್ಸ್‌ಬ್ಯಾಡ್‌ನ ಹೆಸರಾಂತ ಮೋಟೋಕ್ರಾಸ್ ಅಂಕಣ 2004ರಲ್ಲಿ ಮುಚ್ಚಿತು, ಈಗ ಅಲ್ಲಿ ಕಚೇರಿ ಕಟ್ಟಡಗಳು. ಆಡಿದ ಬಯಲು ಹೋದ ಮೇಲೆ, ಅದರ ಗುರುತು ಉಳಿದಿರುವುದು ಕಾಗದದ ಮೇಲೆ. ಅಲ್ಲಿನ ಮುದುಕರು ಆ ಹಾಳೆಗಳನ್ನು ಕಟ್ಟು ಹಾಕಿಸಿ ಗೋಡೆಗೆ ತೂಗಿಸುವುದು ಅದಕ್ಕೇ ಇರಬೇಕು.

ಈಗ ನಿಮ್ಮ ಪ್ರಶ್ನೆ. ಬೈಕು ಕೊಂಡವನು ಅದನ್ನು ಓಡಿಸಿದ, ಬೀಳಿಸಿದ, ರಿಪೇರಿ ಮಾಡಿಸಿದ, ಒಂದು ದಿನ ಮಾರಿದ. ಅವನ ನೆನಪು ಗಾಡಿಯ ಜೊತೆಗೇ ಸವೆಯಿತು. ಕೊಳ್ಳಲಾಗದೆ ಪುಟವನ್ನು ನೋಡುತ್ತ ಕೂತವನ ಕೈಯಲ್ಲಿ ಮಾತ್ರ ಆ ಗಾಡಿಗೆ ಒಂದು ಗೀರೂ ಬೀಳಲಿಲ್ಲ. ಅಮೆರಿಕದಲ್ಲಿ ಮಲಗುವ ಕೋಣೆಯ ಗೋಡೆಗೆ ಆ ಪುಟ ಅಂಟಿಸಿಕೊಂಡ ಹುಡುಗನೂ, ಮೈಸೂರಿನ ನನ್ನ ಮಾವನೂ ಇದರಲ್ಲಿ ಒಂದೇ. ಜಾಹೀರಾತು ಮಾರಲು ಬಂದಿತ್ತು, ಇವರು ಅದನ್ನು ಆಸೆಯಾಗಿ ಇಟ್ಟುಕೊಂಡರು. ನೀವು ರದ್ದಿಗೆ ಹಾಕಲಾಗದ್ದು ಹಾಳೆಯನ್ನಲ್ಲ. ಅದನ್ನು ನೋಡುತ್ತಿದ್ದ ಒಬ್ಬರ ಮುಖವನ್ನು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. 2015ರ ಜನವರಿಯಲ್ಲಿ ಬೆಂಗಳೂರಿನ ಸಿ. ಎಸ್. ಸಂತೋಷ್ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು ಬೈಕಿನಲ್ಲಿ ಪೂರೈಸಿದರು, 36ನೇ ಸ್ಥಾನ. ಆ ರ‍್ಯಾಲಿಯಲ್ಲಿ ಓಡಿದ ಮೊದಲ ಭಾರತೀಯ. ಮಾವನಿಗೆ ಆಗ ವಯಸ್ಸಾಗಿತ್ತು, ಕೈ ನಡುಗುತ್ತಿತ್ತು. ಫ್ಯಾಕ್ಟರಿ 1996ರಲ್ಲೇ ಮುಚ್ಚಿತ್ತು. ಅವರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡಲು ಹೋಗಿ ಬೀರು ತೆರೆದಾಗ, ಎಲ್ಸಿನೋರ್ ಪಕ್ಕದಲ್ಲೇ ಸಂತೋಷ್ ಅವರ ಪತ್ರಿಕಾ ಚಿತ್ರ ಕಂಡಿತು. ಕತ್ತರಿಸಿದ ಅಂಚು ಪೂರಾ ಅಂಕುಡೊಂಕು. ಪಿನ್ನು ಮಾತ್ರ ಹೊಸದು, ತುಕ್ಕು ಹಿಡಿದಿರಲಿಲ್ಲ.

ಎರಡನ್ನೂ ಬಿಚ್ಚಿಕೊಂಡು ಬಂದೆ. ನಿಮ್ಮ ಆ ನಾಲ್ಕು ಹಾಳೆಗಳಲ್ಲಿ ಯಾರ ಕೈ ಇದೆ, ಬಿಡುವಾದಾಗ ಬರೆದು ತಿಳಿಸಿ. ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿಮ್ಮ ಗೆಳೆಯ