ಮಾಗಿಯ ಚಳಿಯಲ್ಲಿ ಮುಧೋಳ ಸೀಮೆ

ಕೃಷ್ಣೆ-ಮಲಪ್ರಭೆಯರು ಕೂಡುವ ಕೂಡಲಸಂಗಮದ ದರ್ಶನಕ್ಕೆಂದು ಬರುವ ಸದ್ಭಕ್ತರು ಅದೇ ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯನ್ನು ಕಂಡು ಹೋಗುವುದು ವಿರಳ. ಘಟಪ್ರಭೆಯ ನೀರುಂಡು ಕಬ್ಬು ಬೆಳೆಯುವ ಈ ಭೂಮಿ ಮಹಾಕವಿ ರನ್ನನನ್ನು ಹೆತ್ತ ನೆಲ. ರನ್ನನಷ್ಟೇ ದೂರಕ್ಕೆ ಊರಿನ ಹೆಸರನ್ನು ಒಯ್ದ ಇನ್ನೊಂದು ಜೀವವಿದೆ. ಅದು ಮುಧೋಳ ನಾಯಿ.

ಕಳೆದ ಪುಷ್ಯಮಾಸದಲ್ಲಿ ಭಕ್ತರೊಬ್ಬರ ತೋಟದ ಮನೆಯಲ್ಲಿ ನಾವು ನಾಲ್ಕು ದಿನ ತಂಗಿದ್ದೆವು. ಎರಡು ಎಕರೆ ಜಮೀನಿನ ಸಣ್ಣ ಒಕ್ಕಲು ಅದು. ಆ ಮನೆಯಲ್ಲಿ ದೊಡ್ಡ ನಾಯಿಗಳು ಐದು, ನಾಲ್ಕು ವಾರದ ಮರಿಗಳು ಆರು.

ಈ ತಳಿಯನ್ನು ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದರು. ಬೇಟೆಗೆಂದು ಬೆಳೆದ ನಾಯಿಗಳಿವು. 1948ರಲ್ಲಿ ಸಂಸ್ಥಾನ ವಿಲೀನವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಗೂ ತಡೆ ಬಿದ್ದಿತು. ಅರಮನೆಯ ಆಶ್ರಯ ತಪ್ಪಿದ ಮೇಲೆ ತಳಿಯನ್ನು ಉಳಿಸಿದವರು ಕುರಿಗಾಹಿಗಳು ಹಾಗೂ ಒಕ್ಕಲಿಗರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಇಲ್ಲಿನ ಮರಿಗಳು ಸೈನ್ಯದ ತರಬೇತಿಗಾಗಿ ಮೀರತ್ ನಗರಕ್ಕೆ ಹೋದವು. ಸಮೀಪದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ.

ಈ ನಾಯಿಯ ಮೈ ಬಿಲ್ಲಿನಂತೆ ಬಾಗಿದ್ದು. ಉದ್ದ ಕಾಲು, ಒಳಸೇರಿದ ಹೊಟ್ಟೆ, ಗಿಡ್ಡ ಕೂದಲು, ತೆಳು ಚರ್ಮ. ಓಟಕ್ಕೆ ಅನುಕೂಲವಾದ ಈ ಮೈಕಟ್ಟೇ ಚಳಿಗಾಲದಲ್ಲಿ ಅದಕ್ಕೆ ತೊಂದರೆ. ಮೈಯಲ್ಲಿ ಕೊಬ್ಬಿಲ್ಲ, ಹೊದೆಯಲು ದಟ್ಟ ರೋಮವಿಲ್ಲ. ಮರಿಗಳ ಕಥೆ ಇನ್ನೂ ಕಠಿಣ. ಹುಟ್ಟಿದ ಮೊದಲ ಎರಡು ಮೂರು ವಾರ ಅವು ತಮ್ಮ ಮೈಕಾವನ್ನು ತಾವೇ ಕಾಯ್ದುಕೊಳ್ಳಲಾರವು. ತಾಯಿಯ ಒಡಲೇ ಅವಕ್ಕೆ ಒಲೆ.

ಆ ಮನೆಯ ತಾಯಿ ನಸುಕಿನಲ್ಲೆದ್ದು ಮೊದಲು ನೋಡುತ್ತಿದ್ದುದು ಈ ನಾಯಿಗಳನ್ನೇ. ರಾತ್ರಿ ಇಬ್ಬನಿಗೆ ತೇವವಾದ ಹಾಸಿಗೆಯನ್ನು ತೆಗೆದು ಕಬ್ಬಿನ ಒಣ ರವದಿಯನ್ನು ದಪ್ಪಗೆ ಹರಡಿ, ಮೇಲೆ ಗೋಣಿತಟ್ಟು ಹಾಸುವರು. ಮರಿಗಳಿಗೆ ಹಳೆಯ ಕೌದಿಯ ತುಂಡು. ಮೂಡಣ ಗಾಳಿ ನುಗ್ಗದಂತೆ ಜೋಳದ ಕಣಿಕೆಯ ತಟ್ಟಿ. ಮುಂಜಾನೆ ನುಚ್ಚಿಗೆ ಹಾಲು ಬೆರೆಸಿ ಬೆಚ್ಚಗೆ ಇಡುವರು, ರಾತ್ರಿ ರೊಟ್ಟಿ-ಬೇಳೆ. ಚಳಿಗಾಲದಲ್ಲಿ ಒಂದು ಹಿಡಿ ಹೆಚ್ಚೇ ಬೇಕೆಂಬುದು ಅವರ ಲೆಕ್ಕ. ಮರಿಯೊಂದು ತಣ್ಣಗಾಗಿ ಬಿದ್ದರೆ ಮೊದಲು ಕಾವು ಕೊಟ್ಟು, ಆಮೇಲೆ ಹಾಲು ಕುಡಿಸಬೇಕೆಂಬುದನ್ನೂ ಅವರು ಬಲ್ಲರು. ಪಶುವೈದ್ಯರು ಹೇಳುವುದೂ ಅದನ್ನೇ.

“ಗುರುಗಳ, ಬಾಯಿಲ್ಲದ ಜೀವರಿ ಇವು. ಥಂಡಿ ಹತ್ತೇತಿ ಅಂತ ಹೇಳೂದಿಲ್ಲ, ನಾವಽ ತಿಳಕೋಬೇಕು,” ಎಂದರು ಆ ತಾಯಿ.

ಮೂರನೆಯ ದಿನ ಪಟ್ಟಣದಿಂದ ಒಬ್ಬರು ಕಾರಿನಲ್ಲಿ ಬಂದರು. ಆರೂ ಮರಿಗಳನ್ನು ಅಂದೇ ಒಯ್ಯುವುದಾಗಿ ಹೇಳಿ ಹಣವನ್ನು ಕಟ್ಟೆಯ ಮೇಲಿಟ್ಟರು. ಆ ವಾರವೇ ಸೊಸೈಟಿ ಸಾಲದ ಕಂತು ಕಟ್ಟಬೇಕಿತ್ತು. ಮಗಳ ಕಾಲೇಜಿನ ಫೀ ಬಾಕಿ ಇತ್ತು. ಯಜಮಾನರು ಹಣವನ್ನೂ ಮಡದಿಯ ಮುಖವನ್ನೂ ನೋಡಿ ಸುಮ್ಮನೆ ಕುಳಿತರು. ತಾಯಿ ಸೆರಗು ಸರಿಪಡಿಸಿಕೊಂಡು ಮುಂದೆ ಬಂದು, “ಇನ್ನಾ ಮಲಿ ಬಿಟ್ಟಿಲ್ಲರಿ. ಈ ಥಂಡ್ಯಾಗ ಅವ್ವನ್ನ ಅಗಲಿಸಿದರ ಎಷ್ಟು ಉಳೀತಾವೋ ಏನೋ. ಒಂದು ತಿಂಗಳ ತಡದು ಬರ್ರಿ,” ಎಂದರು. ಬಂದವರು ಬೆಲೆ ಏರಿಸಿದರು. ತಾಯಿ ಮಾತು ಬದಲಿಸಲಿಲ್ಲ. ಕಾರು ತಿರುಗಿ ಹೋಯಿತು. ಅವರು ಮರಳಿ ಬಾರದಿದ್ದರೆ ಹೇಗೆಂದು ನಾವು ಕೇಳಿದೆವು. “ಬರದಿದ್ದರ ಮತ್ತೊಬ್ಬರು ಬರತಾರ್ರಿ. ಹ್ವಾದ ಜೀವ ಬರತೈತೇನು?” ಎಂದು ನುಚ್ಚಿನ ಗಡಿಗೆಯತ್ತ ನಡೆದರು.

ನಾಯಿಯನ್ನು ಮುಟ್ಟಿದರೆ ಮೈಲಿಗೆಯೆನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಪಂಚಸೂತಕಗಳನ್ನೇ ಅಲ್ಲಗಳೆದ ಶರಣರ ಸಂತತಿಗೆ ಈ ಮಾತು ಒಪ್ಪದು. ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನೋದಿಸಿದರೆಂಬ ಐತಿಹ್ಯವನ್ನು ನಮ್ಮ ಹಿರಿಯರು ಸುಮ್ಮನೆ ಹೇಳಿಕೊಂಡು ಬಂದುದಲ್ಲ. ಕುಲದ ಹಮ್ಮಿಗೆ ಕೊಟ್ಟ ಉತ್ತರವದು. ದಾಸೋಹವೆಂದರೆ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವುದಷ್ಟೇ ಅಲ್ಲ. ಕೇಳಲು ಬಾಯಿಲ್ಲದ್ದಕ್ಕೆ ಹಸಿವರಿತು ಬಡಿಸುವುದೂ ದಾಸೋಹವೇ. ಹಣವನ್ನು ಕಂಡೂ ಕೈನೀಡದ ಆ ತಾಯಿ ಮಾಡಿದ್ದು ಶುದ್ಧ ಕಾಯಕ.

ಮುಧೋಳ ನಾಯಿಯ ಹೆಸರು ಕೇಳಿ ಮರಿ ತರಬೇಕೆನ್ನುವ ಕುಟುಂಬಗಳಿಗೆ ನಮ್ಮದೊಂದು ಬಿನ್ನಹ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸದಿರಿ. ಓಡಲು ಬಯಲಿಲ್ಲದಿದ್ದರೆ ತರಲೇಬೇಡಿ. ಇದು ಸರಪಳಿಯಲ್ಲಿ ಬಾಳುವ ಪ್ರಾಣಿಯಲ್ಲ. ಜಂತಿನ ಔಷಧಿಯನ್ನೂ ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ತಪ್ಪದೆ ಹಾಕಿಸಿರಿ. ಚಳಿಗಾಲದಲ್ಲಿ ಒಣ ಹಾಸು, ಗಾಳಿಗೆ ಮರೆ, ಬೆಚ್ಚನೆಯ ಅನ್ನ ಈ ಮೂರನ್ನು ಕೊಡಲಾರದವರು ಸಾಕುವ ಗೋಜಿಗೆ ಹೋಗಬಾರದು. ಸಾಕಲಾಗದೆಂದು ನಡುಬೀದಿಗೆ ಬಿಡುವುದಂತೂ ಮಹಾಪಾತಕ.

ಸಂಗಮನಾಥನ ದರ್ಶನ ಮುಗಿಸಿದವರು ಒಮ್ಮೆ ಮುಧೋಳದ ಕಡೆಗೂ ಹೋಗಿ ಬನ್ನಿರಿ. ಅಲ್ಲಿ ಕಬ್ಬಿನ ತೋಟಗಳ ನಡುವಿನ ಸಣ್ಣ ಮನೆಗಳಲ್ಲಿ, ಹರಿದ ಕೌದಿಯೊಂದರ ಮೇಲೆ, ನಮ್ಮ ಧರ್ಮ ಬೆಚ್ಚಗೆ ಮಲಗಿರುವುದು ಕಾಣಿಸೀತು.